ಕೂಟಾದಲ್ಲಿ ಮಾರಾಟಕ್ಕಿಲ್ಲದ್ದು

"ಒಂದು ಲಕ್ಷ ಕೊಡಿ, ಸಾಕು!"

ಮರಳಿನ ಮೇಲೆ ಚಾಪೆ ಹಾಸಿ ಕುಳಿತು ಇನ್ನೂ ಐದು ನಿಮಿಷ ಆಗಿರಲಿಲ್ಲ. ಬಣ್ಣಬಣ್ಣದ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ಅವಳ ಹಿಂದೆಯೇ ಮಣಿಸರದವನು. ಅವನ ಹಿಂದೆ ಗಾಳಿಪಟದವನು. ಲಕ್ಷದ ಮಾತು ಕೇಳಿ ಅಪ್ಪನ ಎದೆ ಧಸಕ್ಕೆಂದಿತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಬಂದಿದ್ದ ಮಗಳು ಮಾತ್ರ ಹೆದರಲಿಲ್ಲ. "ಅದು ರೂಪಾಯಿ ಅಲ್ಲಪ್ಪ, ರೂಪಿಯಾ. ನಮ್ಮ ಲೆಕ್ಕದಲ್ಲಿ ಐನೂರು ಚಿಲ್ಲರೆ ಅಷ್ಟೆ" ಎಂದಳು. ಅಮ್ಮ ಅಷ್ಟು ಹೊತ್ತಿಗಾಗಲೇ ಬೆರಳು ತೋರಿಸಿ ಚೌಕಾಸಿಗೆ ಇಳಿದಿದ್ದರು. ಆರನೆಯ ತರಗತಿಯ ಮಗನ ಕಣ್ಣು ಗಾಳಿಪಟದ ಮೇಲೆ!

ಇಂಥದೊಂದು ಕುಟುಂಬವನ್ನು ಊಹಿಸಿಕೊಳ್ಳಿ. ಬೇಸಿಗೆ ರಜೆಗೆಂದು ನಾಲ್ವರೂ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ, ಅಲ್ಲಿನ ಕೂಟಾ ಎಂಬ ಕಡಲತೀರದ ಊರಿಗೆ ಬಂದಿದ್ದಾರೆ. ಇದೇನೂ ಅಪರೂಪದ ಸಂಗತಿಯಲ್ಲ. 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಹಾರಾಟ ಆರಂಭವಾಯಿತು. ಆ ವರ್ಷ ಬಾಲಿಗೆ ಹೋದ ವಿದೇಶಿಯರ ಪಟ್ಟಿಯಲ್ಲಿ ಆಸ್ಟ್ರೇಲಿಯದವರು ಮೊದಲನೆಯವರಾದರೆ ಎರಡನೆಯ ಸ್ಥಾನ ಭಾರತೀಯರದು. ಒಂದು ಕಾಲಕ್ಕೆ ಊಟಿ, ಗೋವಾ ಎನ್ನುತ್ತಿದ್ದ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಬಾಲಿಯ ಮಾತೂ ಕೇಳಿಬರುತ್ತದೆ.

ಬಾಲಿ ದೊಡ್ಡ ದ್ವೀಪವೇನಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಸಮಭಾಜಕ ವೃತ್ತದಿಂದ ಎಂಟು ಡಿಗ್ರಿ ದಕ್ಷಿಣಕ್ಕಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 43 ಲಕ್ಷ. 2019ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗಳ ಸಂಖ್ಯೆ 62 ಲಕ್ಷ! ಮನೆಯವರಿಗಿಂತ ನೆಂಟರೇ ಹೆಚ್ಚು ಎಂದರೆ ಇದೇ ತಾನೆ?

ಹೆಸರಿಗೆ ತಕ್ಕ ಕೂಟ

ಕನ್ನಡದ ಕಿವಿಗೆ ಕೂಟಾ ಎಂದರೆ ಕೂಟ. ಊರನ್ನು ನೋಡಿದರೆ ಹೆಸರು ಸರಿಯಾಗಿಯೇ ಇದೆ ಎನ್ನಿಸುತ್ತದೆ. ವಿಮಾನ ನಿಲ್ದಾಣದಿಂದ ಕೂಗಳತೆಯ ದೂರ. ಪಶ್ಚಿಮಕ್ಕೆ ಮುಖ ಮಾಡಿದ ಉದ್ದನೆಯ ಮರಳ ತೀರ. ತೀರದ ಬೆನ್ನಿಗೆ ರಸ್ತೆ, ರಸ್ತೆಯ ಆಚೆ ಸಾಲು ಹೊಟೇಲುಗಳು, ಬಹುಮಳಿಗೆಗಳ ಅಂಗಡಿ ಸಂಕೀರ್ಣ, ಅದರ ಹಿಂದೆ ಎರಡು ಬೈಕುಗಳು ಎದುರುಬದುರಾದರೆ ಉಸಿರು ಬಿಗಿಹಿಡಿಯಬೇಕಾದ ಓಣಿಗಳು. ಓಣಿಯ ಉದ್ದಕ್ಕೂ ಬನಿಯನ್ನು, ಮರದ ಬೊಂಬೆ, ಕನ್ನಡಕ, ಚಪ್ಪಲಿ. ಮಸಾಜಿನವರು, ಕೂದಲಿಗೆ ಜಡೆ ಹೆಣೆಯುವವರು, ಹಚ್ಚೆ ಹಾಕುವವರು, ಅಲೆಯ ಮೇಲೆ ಹಲಗೆ ಏರಿ ಸವಾರಿ ಮಾಡಲು ಕಲಿಸುವ ಹುಡುಗರು. ಮುಖ ನೋಡಿಯೇ ದೇಶ ಗುರುತಿಸಿ "ನಮಸ್ತೆ" ಎನ್ನುವ ಚತುರರು. ಸಂಜೆಯಾದರೆ ಒಂದು ಹೊಟೇಲಿನ ಹಾಡು ಇನ್ನೊಂದರ ಹಾಡಿನೊಂದಿಗೆ ಜಗಳವಾಡುತ್ತದೆ.

ಎಲ್ಲಕ್ಕೂ ಬೆಲೆಯಿದೆ. ಕುಳಿತುಕೊಳ್ಳುವ ಕುರ್ಚಿಗೆ, ಅದರ ಮೇಲಿನ ಕೊಡೆಯ ನೆರಳಿಗೆ, ಎಳನೀರಿಗೆ, ಹಲಗೆಗೆ. ಬಾಲಿಗೆ ಬರುವ ಪ್ರತಿಯೊಬ್ಬ ವಿದೇಶಿ ಪ್ರವಾಸಿಗೂ 2024ರ ಫೆಬ್ರವರಿ 14ರಿಂದ ಅಲ್ಲಿನ ಸರ್ಕಾರ 1,50,000 ರೂಪಿಯಾ ಸುಂಕ ವಿಧಿಸಿದೆ. ದ್ವೀಪದ ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಈ ಹಣ. ಅಂದರೆ ಊರಿಗೆ ಕಾಲಿಡುವುದಕ್ಕೂ ಒಂದು ಬೆಲೆ ನಿಗದಿಯಾಗಿದೆ.

"ಅಮ್ಮ, ಇಲ್ಲಿ ದುಡ್ಡು ಕೊಟ್ಟರೆ ಏನು ಬೇಕಾದರೂ ಸಿಗುತ್ತದಾ?" ಎಂದು ಮಗ ಕೇಳಿದ. ಗಾಳಿಪಟ ಆಗಲೇ ಅವನ ಕೈಗೆ ಬಂದಿತ್ತು. ಅಮ್ಮ ಮಾತು ತೇಲಿಸಿಬಿಟ್ಟರು. ಆದರೆ ಹುಡುಗನ ಪ್ರಶ್ನೆ ತೇಲಿಸಿಬಿಡುವಂಥದಲ್ಲ. ಈ ಊರಿನಲ್ಲಿ ಮಾರಾಟಕ್ಕಿಲ್ಲದ್ದು ಏನಾದರೂ ಉಂಟೆ?

ಮೊದಲು ಹೀಗಿರಲಿಲ್ಲ

ವ್ಯಾಪಾರ ಕೂಟಾಕ್ಕೆ ಹೊಸದಲ್ಲ. 1839ರಲ್ಲಿಯೇ ಮಾಡ್ಸ್ ಲಾಂಗೆ ಎಂಬ ಡೆನ್ಮಾರ್ಕಿನ ವರ್ತಕ ಇಲ್ಲಿ ನೆಲೆಸಿ ಅಕ್ಕಿ, ಕೊಬ್ಬರಿ ಎಣ್ಣೆಗಳ ವ್ಯಾಪಾರ ನಡೆಸಿದ. 1856ರಲ್ಲಿ ತೀರಿಕೊಂಡ ಅವನ ಸಮಾಧಿ ಇಂದಿಗೂ ಕೂಟಾದಲ್ಲಿದೆ. ಆದರೆ ಅವನ ಕಾಲದ ನಂತರ ಈ ಊರು ಬೆಸ್ತರ ಹಳ್ಳಿಯಾಗಿಯೇ ಉಳಿಯಿತು. ಭತ್ತ ಬೆಳೆಯುವ ಫಲವತ್ತಾದ ಮಣ್ಣೆಲ್ಲ ದ್ವೀಪದ ಒಳಭಾಗದಲ್ಲಿ. ಉಪ್ಪುಗಾಳಿ ಬೀಸುವ ಈ ಮರಳ ನೆಲಕ್ಕೆ ಯಾರೂ ಬೆಲೆ ಕೊಟ್ಟಿರಲಿಲ್ಲ.

1936ರಲ್ಲಿ ಬಾಬ್ ಕೋಕ್ ಮತ್ತು ಲೂಯಿಸ್ ಎಂಬ ಅಮೆರಿಕದ ಜೋಡಿಗೆ ಈ ಖಾಲಿ ತೀರ ಕಣ್ಣಿಗೆ ಬಿತ್ತು. ಹುಲ್ಲಿನ ಛಾವಣಿಯ ಕೆಲವು ಗುಡಿಸಲು ಕಟ್ಟಿ ಅವರು ಅದಕ್ಕೆ ಕೂಟಾ ಬೀಚ್ ಹೊಟೇಲು ಎಂದು ಹೆಸರಿಟ್ಟರು. ಹಲಗೆಯ ಮೇಲೆ ನಿಂತು ಅಲೆ ಏರುವ ಆಟವನ್ನು ಬಾಲಿಗೆ ತಂದವನೂ ಈ ಬಾಬ್ ಕೋಕನೇ. 1942ರಲ್ಲಿ ಜಪಾನಿನ ಸೈನ್ಯ ಬಂದಾಗ ಆ ಹೊಟೇಲಿನ ಕತೆ ಮುಗಿಯಿತು. ಆದರೆ ತೀರಕ್ಕೂ ಬೆಲೆ ಬರಬಹುದು ಎಂಬ ಮಾತಿಗೆ ಅದೇ ನಾಂದಿ.

ನಿಜವಾದ ಬದಲಾವಣೆ ಬಂದದ್ದು 1969ರಲ್ಲಿ. ಆ ವರ್ಷ ಕೂಟಾದ ಪಕ್ಕದಲ್ಲಿಯೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಗಲಿಗೆ ಚೀಲ ನೇತುಹಾಕಿಕೊಂಡ ಹುಡುಗರು, ಅಲೆ ಹುಡುಕಿಕೊಂಡು ಬಂದ ಆಸ್ಟ್ರೇಲಿಯನ್ನರು ಬೆಸ್ತರ ಮನೆಗಳಲ್ಲಿಯೇ ಕೋಣೆ ಬಾಡಿಗೆ ಹಿಡಿದರು. ಕೋಣೆ ಎರಡಾಯಿತು, ನಾಲ್ಕಾಯಿತು. ಅನಂತರ ದೊಡ್ಡ ಬಂಡವಾಳ ಬಂತು. ಮೀನು ಹಿಡಿಯುವವನ ಮಗ ಹೊಟೇಲಿನ ಕೆಲಸಕ್ಕೆ ಸೇರಿದ, ಮೊಮ್ಮಗ ಕಾರು ಓಡಿಸಿದ. ಬಡತನ ಕಡಿಮೆಯಾಯಿತು, ಮಕ್ಕಳು ಕಾಲೇಜಿಗೆ ಹೋದರು. ಇದನ್ನು ಮರೆತು, ಹಳ್ಳಿ ಹಾಳಾಯಿತೆಂದು ಮರುಗುವುದು ಸುಲಭ. ಹೊಟೇಲಿನ ಕೋಣೆಯಲ್ಲಿ ಕುಳಿತು ಹಾಗೆ ಮರುಗುವುದಂತೂ ಇನ್ನೂ ಸುಲಭ!

ಬಾಲಿಯವರು ಕಣ್ಣು ಮುಚ್ಚಿ ಎಲ್ಲವನ್ನೂ ಮಾರಿಕೊಂಡರೆಂದೂ ಹೇಳುವಂತಿಲ್ಲ. 1966ರಲ್ಲಿ ಪೂರ್ವ ತೀರದ ಸಾನೂರಿನಲ್ಲಿ ಹತ್ತು ಅಂತಸ್ತಿನ ಹೊಟೇಲೊಂದು ಎದ್ದು ನಿಂತಿತು. ಅದನ್ನು ಕಂಡ ಮೇಲೆ, ತೆಂಗಿನ ಮರಕ್ಕಿಂತ ಎತ್ತರದ ಕಟ್ಟಡ ನಮ್ಮ ದ್ವೀಪಕ್ಕೆ ಬೇಡ ಎಂದು ತೀರ್ಮಾನವಾಯಿತು. 15 ಮೀಟರಿನ ಮಿತಿ ಬಂತು. ಅದಕ್ಕೇ ಕೂಟಾದಲ್ಲಿ ಎಷ್ಟೇ ಗದ್ದಲವಿದ್ದರೂ ತಲೆ ಎತ್ತಿದರೆ ಆಕಾಶ ಕಾಣಿಸುತ್ತದೆ. ಆಕಾಶವನ್ನು ಮಾರಲಿಲ್ಲ ಎನ್ನಬಹುದು.

ಕಡಲಿಗೆ ಗಿರಾಕಿ ಎಂಬುದಿಲ್ಲ

ಮಾರಾಟಕ್ಕಿಲ್ಲದ ಇನ್ನೊಂದು ವಸ್ತು ಕಣ್ಣೆದುರಿಗೇ ಇದೆ: ಕಡಲು. ಹೊಟೇಲಿನ ಬಿಲ್ಲಿನಲ್ಲಿ 'ಕಡಲ ನೋಟ' ಎಂದು ಹೆಚ್ಚು ಹಣ ಪಡೆದಿರಬಹುದು. ಆದರೆ ಕಡಲಿಗೆ ಆ ಬಿಲ್ಲಿನ ವಿಷಯ ಗೊತ್ತಿಲ್ಲ.

ಕೂಟಾದ ಅಲೆಗಳು ದೊಡ್ಡವು. ದೂರದ ದಕ್ಷಿಣ ಸಾಗರದಲ್ಲಿ ಬೀಸುವ ಬಿರುಗಾಳಿಗಳು ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ ಬಂದು ಇಲ್ಲಿ ಮುರಿಯುತ್ತದೆ. ಹಲಗೆ ಸವಾರರಿಗೆ ಹಬ್ಬ. ಆದರೆ ದಡಕ್ಕೆ ಬಂದ ನೀರು ಹಿಂದಿರುಗಲೇಬೇಕಲ್ಲ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗುವುದಿಲ್ಲ. ಮರಳಿನಲ್ಲಿ ತಗ್ಗಾದ ಕಾಲುವೆಯೊಂದನ್ನು ಹುಡುಕಿಕೊಂಡು, ಕಿರಿದಾದ ಹೊಳೆಯಂತೆ ರಭಸವಾಗಿ ಒಳಕ್ಕೆ ಹರಿಯುತ್ತದೆ. ಇದೇ ಸೆಳೆತದ ಪ್ರವಾಹ. ಇದರ ಮೋಸವೇನೆಂದರೆ, ಅಲ್ಲಿ ಅಲೆ ಕಡಿಮೆ ಒಡೆಯುತ್ತದೆ. ನೀರು ಶಾಂತವಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಎಂದು ತಿಳಿಯದವರು ಇಳಿಯುವುದು ಸರಿಯಾಗಿ ಅಲ್ಲಿಗೇ!

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಾವು ಬರುವುದು ದಡದ ಕಡೆಗೇ ಈಜಲು ಹೋಗಿ ಸುಸ್ತಾಗುವುದರಿಂದ. ಸಿಕ್ಕಿಕೊಂಡವರು ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಬೀಸಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಆ ಹೊಳೆಯಿಂದ ಹೊರಬಿದ್ದು ಅನಂತರ ದಡಕ್ಕೆ ತಿರುಗಬೇಕು. ಈಜು ಬಾರದವರಿಗೆ ನಿಯಮ ಒಂದೇ: ಕೆಂಪು ಹಳದಿ ಬಾವುಟಗಳ ನಡುವೆ, ಜೀವರಕ್ಷಕರ ಕಣ್ಣೆದುರಿಗೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ. ಬರೀ ಕೆಂಪು ಬಾವುಟ ಇದ್ದಲ್ಲಿ ಇಳಿಯಲೇಬಾರದು.

ಈ ಪಾಠ ಬಾಲಿಗೆ ಮಾತ್ರ ಸೇರಿದ್ದಲ್ಲ. 2024ರ ಡಿಸೆಂಬರ್ ತಿಂಗಳಲ್ಲಿ ಶಾಲೆಯ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲೆಂದರೆ ಸಿನಿಮಾದಲ್ಲಿ ಕಂಡ ಸೊಗಸು. ಅದರ ಸ್ವಭಾವವನ್ನು ಯಾರೂ ಕಲಿಸಿರುವುದಿಲ್ಲ. ಗುಣಾಕಾರದ ಮಗ್ಗಿ ಕಲಿಸುವ ನಮಗೆ ಈ ನಾಲ್ಕು ಮಾತು ಕಲಿಸಲು ಎಷ್ಟು ಹೊತ್ತು ಬೇಕು? ಪ್ರವಾಸದ ಬಸ್ಸು ಹೊರಡುವ ಮುನ್ನ ಅರ್ಧ ಗಂಟೆ ಸಾಕು.

ಮರಳೂ ಉಚಿತವಲ್ಲ

ಸಂಜೆಯ ಹೊತ್ತಿಗೆ ತೀರದಲ್ಲಿ ಜನಜಾತ್ರೆ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಕುಳಿತಿದ್ದಾರೆ. ವರ್ಷದ ಯಾವ ತಿಂಗಳಾದರೂ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಆರರಿಂದ ಆರೂ ಮುಕ್ಕಾಲರ ಒಳಗೆ. ಸಮಭಾಜಕದ ಹತ್ತಿರವಿದ್ದರೆ ಹಗಲು ಇರುಳುಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲವೆಂದು ಭೂಗೋಳದ ಪುಸ್ತಕದಲ್ಲಿ ಓದಿದ್ದನ್ನು ಮಗಳು ಇಲ್ಲಿ ಕಣ್ಣಾರೆ ಕಂಡಳು. ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಕತ್ತಲೆ ಬೇಗ ಕವಿಯುತ್ತದೆ.

ಅವರು ಕುಳಿತ ಮರಳಿಗೂ ಒಂದು ಕತೆಯಿದೆ. ಅರವತ್ತರ ದಶಕದಲ್ಲಿ ವಿಮಾನ ಓಡುದಾರಿಯನ್ನು ಹವಳದ ದಿಬ್ಬದ ಮೇಲೆ, ಕಡಲಿನೊಳಕ್ಕೆ ಚಾಚಿ ಕಟ್ಟಿದರು. ದಂಡೆಯುದ್ದಕ್ಕೂ ಮರಳನ್ನು ಅತ್ತಿಂದಿತ್ತ ಸಾಗಿಸುತ್ತಿದ್ದ ಕಡಲಿನ ಹರಿವಿಗೆ ಅದು ಅಡ್ಡವಾಯಿತು. ಬರುವ ಮರಳು ಕಡಿಮೆಯಾಗಿ, ಹೋಗುವ ಮರಳು ಹೋಗುತ್ತಲೇ ಇತ್ತು. ತೀರ ಸವೆಯಿತು. 2000ದ ನಂತರದ ದಶಕದಲ್ಲಿ ಜಪಾನಿನ ನೆರವಿನಿಂದ ಬೇರೆ ಕಡೆಯಿಂದ ಮರಳು ತಂದು ತುಂಬಿಸಬೇಕಾಯಿತು. ಪ್ರವಾಸಿಗಳನ್ನು ಕರೆತರುವ ದಾರಿಯೇ ಅವರು ನೋಡಬಂದ ಮರಳನ್ನು ತಿಂದುಹಾಕಿತು ಎಂದರೆ ವಿಚಿತ್ರವಲ್ಲವೆ? ಕಡಲಿಗೆ ಅಡ್ಡಗಟ್ಟೆ ಕಟ್ಟಿದರೆ ಒಂದು ಕಡೆ ಮರಳು ಕೂಡುತ್ತದೆ, ಇನ್ನೊಂದು ಕಡೆ ಕೊರೆಯುತ್ತದೆ ಎಂಬುದು ನಮ್ಮ ಕರಾವಳಿಯವರಿಗೂ ಗೊತ್ತಿರುವ ಪಾಠ.

ಕಡಲು ತಿರುಗಿ ಕೊಟ್ಟದ್ದು

ಈ ಕುಟುಂಬ ಬಂದದ್ದು ಮಳೆಗಾಲ ಮುಗಿದ ಮೇಲೆ. ಆದ್ದರಿಂದ ತೀರ ಚೊಕ್ಕಟವಾಗಿತ್ತು. ಡಿಸೆಂಬರಿನಿಂದ ಮಾರ್ಚಿಯವರೆಗೆ ಬಂದಿದ್ದರೆ ಕಾಣುತ್ತಿದ್ದ ದೃಶ್ಯವೇ ಬೇರೆ. ಆಗ ಗಾಳಿ ಪಶ್ಚಿಮದಿಂದ ಬೀಸುತ್ತದೆ. ನದಿಗಳು ಕಡಲಿಗೆ ತಂದು ಸುರಿದ ಪ್ಲಾಸ್ಟಿಕ್ಕನ್ನೆಲ್ಲ ಅಲೆಗಳು ಕೂಟಾದ ದಡಕ್ಕೆ ತಂದು ಒಪ್ಪಿಸುತ್ತವೆ. ಚೀಲ, ಬಾಟಲಿ, ಹೀರುಕೊಳವೆ, ಚಪ್ಪಲಿ. 2017ರ ಕೊನೆಯಲ್ಲಿ ಜಿಂಬಾರಾನ್‌ನಿಂದ ಸೆಮಿನ್ಯಾಕ್‌ವರೆಗಿನ ಸುಮಾರು ಆರು ಕಿಲೋಮೀಟರ್ ತೀರಕ್ಕೆ 'ಕಸದ ತುರ್ತುಸ್ಥಿತಿ'ಯನ್ನೇ ಘೋಷಿಸಬೇಕಾಯಿತು. ದಿನಕ್ಕೆ ನೂರು ಟನ್ ಕಸ ಎತ್ತಿದ ದಿನಗಳೂ ಇದ್ದವು. ಕಡಲು ಸಾಲ ಇಟ್ಟುಕೊಳ್ಳುವುದಿಲ್ಲ, ಬಡ್ಡಿ ಸಹಿತ ತೀರಿಸುತ್ತದೆ!

ಇಲ್ಲಿ ಇಬ್ಬರು ಹುಡುಗಿಯರ ಕತೆ ಹೇಳಲೇಬೇಕು. 2013ರಲ್ಲಿ ಬಾಲಿಯಲ್ಲಿ ಬೆಳೆಯುತ್ತಿದ್ದ ಮೆಲಾತಿ ಮತ್ತು ಇಸಾಬೆಲ್ ವೈಸನ್ ಎಂಬ ಅಕ್ಕತಂಗಿಯರಿಗೆ ಹನ್ನೆರಡು ಮತ್ತು ಹತ್ತು ವರ್ಷ. ಶಾಲೆಯಲ್ಲಿ ಲೋಕಕ್ಕೆ ಒಳಿತು ಮಾಡಿದ ದೊಡ್ಡವರ ಪಾಠ ನಡೆಯಿತು. ಮನೆಗೆ ಬಂದು, "ದೊಡ್ಡವರಾಗುವ ತನಕ ಕಾಯುವುದು ಏಕೆ? ನಾವು ಈಗಲೇ ಏನು ಮಾಡಬಹುದು?" ಎಂದು ಯೋಚಿಸಿದರು. ದ್ವೀಪದಲ್ಲಿ ಪ್ಲಾಸ್ಟಿಕ್ ಚೀಲ ಬೇಡ ಎಂಬ ಚಳವಳಿ ಆರಂಭವಾಯಿತು. ಗೆಳೆಯ ಗೆಳತಿಯರು ಸೇರಿದರು. ವಿಮಾನ ನಿಲ್ದಾಣದೊಳಗೆ ನಿಂತು ಪ್ರವಾಸಿಗಳ ಸಹಿ ಸಂಗ್ರಹಿಸಿದರು. ಆದರೂ ಗವರ್ನರರ ಭೇಟಿ ಸಿಗಲಿಲ್ಲ.

ಆಗ ಅವರಿಗೆ ದಾರಿ ತೋರಿದವರು ನಮ್ಮ ಗಾಂಧೀಜಿ. ಭಾರತಕ್ಕೆ ಬಂದಿದ್ದಾಗ ಗಾಂಧೀಜಿ ಇದ್ದ ಮನೆಯನ್ನು ಹುಡುಗಿಯರು ನೋಡಿದ್ದರು. ಉಪವಾಸದ ಶಕ್ತಿಯ ಬಗ್ಗೆ ತಿಳಿದಿದ್ದರು. ಆಹಾರ ತಜ್ಞರ ಸಲಹೆ ಪಡೆದು, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಉಪವಾಸ ಕೂರುವುದೆಂದು ಸಾರಿದರು. ಮರುದಿನವೇ ಗವರ್ನರ್ ಮಡೆ ಮಾಂಕು ಪಾಸ್ತಿಕ ಅವರನ್ನು ಕರೆಸಿಕೊಂಡು ಮಾತನಾಡಿದರು, ಒಪ್ಪಂದಕ್ಕೆ ಸಹಿ ಹಾಕಿದರು. 2018ರ ಡಿಸೆಂಬರಿನಲ್ಲಿ ಮುಂದಿನ ಗವರ್ನರ್ ವಾಯನ್ ಕೋಸ್ಟರ್ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲ, ಹೀರುಕೊಳವೆ, ಥರ್ಮೊಕೋಲುಗಳ ಮೇಲೆ ನಿಷೇಧದ ಆಜ್ಞೆ ಹೊರಡಿಸಿದರು. ಇದರಿಂದ ಕಸವೆಲ್ಲ ಮಾಯವಾಯಿತೆಂದಲ್ಲ. ಮಳೆಗಾಲದ ಅಲೆಗಳು ಇಂದಿಗೂ ಕಸ ಹೊತ್ತು ತರುತ್ತವೆ. ಆದರೆ ಅಂಗಡಿಯಲ್ಲಿ ಅಮ್ಮ ಕೊಂಡ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲವಿಲ್ಲದೆ ಹಾಗೆಯೇ ಕೈಗೆ ಕೊಟ್ಟರಲ್ಲ, ಅದರ ಹಿಂದೆ ಶಾಲಾ ಮಕ್ಕಳ ಶ್ರಮವೂ ಇದೆ.

ಇದೇ ತೀರದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಬಾಲಿಯಲ್ಲಿ ಕಡಲಾಮೆಯ ಮಾಂಸದ ವ್ಯಾಪಾರ ಜೋರಾಗಿತ್ತು. 1999ರಲ್ಲಿ ಇಂಡೊನೇಷ್ಯಾ ಸರ್ಕಾರ ಎಲ್ಲ ಕಡಲಾಮೆಗಳಿಗೂ ರಕ್ಷಣೆ ನೀಡಿತು. ಈಗ ವರ್ಷದ ನಡುವಿನ ತಿಂಗಳುಗಳಲ್ಲಿ ಕೂಟಾದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಸ್ವಯಂಸೇವಕರು ಮೊಟ್ಟೆಗಳನ್ನು ಕಾಪಾಡಿ, ಮರಿ ಹೊರಬಂದಾಗ ಸಂಜೆಯ ಹೊತ್ತು ಕಡಲಿಗೆ ಬಿಡುತ್ತಾರೆ. ನಮ್ಮ ಉತ್ತರ ಕನ್ನಡದ ತೀರಕ್ಕೆ ಬರುವುದೂ ಇದೇ ಜಾತಿಯ ಆಮೆಯೇ. ಒಂದು ಕಾಲಕ್ಕೆ ಮಾರಿದ್ದನ್ನು ಇನ್ನು ಮಾರುವುದಿಲ್ಲ ಎಂದು ಊರೊಂದು ತೀರ್ಮಾನಿಸಬಹುದು. ಮಾರಾಟಕ್ಕಿಲ್ಲದ ವಸ್ತುಗಳ ಪಟ್ಟಿ ಬೆಳೆಯುವುದು ಹೀಗೆ.

ಗಿರಾಕಿಗಳೇ ಬಾರದಾಗ

ಎಲ್ಲವನ್ನೂ ನೆಂಟರ ಮೇಲೆ ನೆಚ್ಚಿಕೊಂಡ ಊರಿಗೆ ನೆಂಟರು ಬಾರದಿದ್ದರೆ? ಕೂಟಾ ಇದನ್ನು ಎರಡು ಸಲ ಕಂಡಿದೆ.

2002ರ ಅಕ್ಟೋಬರ್ 12ರ ರಾತ್ರಿ ಕೂಟಾದ ಲೆಗಿಯಾನ್ ರಸ್ತೆಯಲ್ಲಿ ಬಾಂಬುಗಳು ಸಿಡಿದು 202 ಜನ ಸತ್ತರು. ಅವರಲ್ಲಿ 88 ಮಂದಿ ಆಸ್ಟ್ರೇಲಿಯದವರು, 38 ಮಂದಿ ಇಂಡೊನೇಷ್ಯಾದವರೇ. ಒಂದು ತಿಂಗಳ ಬಳಿಕ ಬಾಲಿಯ ಜನ ಅದೇ ಜಾಗದಲ್ಲಿ ದೊಡ್ಡ ಶುದ್ಧೀಕರಣದ ಪೂಜೆ ಮಾಡಿದರು. ಸತ್ತವರ ಹೆಸರುಗಳನ್ನು ಕೆತ್ತಿದ ಸ್ಮಾರಕ ಇಂದು ಅಂಗಡಿಗಳ ನಡುವೆಯೇ ನಿಂತಿದೆ. ಬನಿಯನ್ನಿನ ಚೀಲ ಹಿಡಿದು ಹೋಗುವವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಹೆಸರುಗಳನ್ನು ಓದುತ್ತಾ ಮಗಳು ಗದ್ದಲದ ಆ ರಸ್ತೆಯಲ್ಲಿಯೂ ಸುಮ್ಮನಾದಳು.

ಎರಡನೆಯದು ಕೋವಿಡ್. 2021ರ ಇಡೀ ವರ್ಷದಲ್ಲಿ ನೇರವಾಗಿ ಬಾಲಿಗೆ ಬಂದ ವಿದೇಶಿ ಪ್ರವಾಸಿಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಎರಡು ವರ್ಷ ಹಿಂದೆ 62 ಲಕ್ಷ, ಈಗ ನೂರಕ್ಕೂ ಕಡಿಮೆ! 2020ರಲ್ಲಿ ದ್ವೀಪದ ಆರ್ಥಿಕ ಉತ್ಪನ್ನ ಶೇ. 9ಕ್ಕೂ ಹೆಚ್ಚು ಕುಸಿಯಿತು. ಹೊಟೇಲಿನ ಹುಡುಗರು ಹಳ್ಳಿಗೆ ಹಿಂದಿರುಗಿದರು. ಕೆಲವರು ಗದ್ದೆಗೆ ಇಳಿದರು. ಲೆಂಬೊಂಗಾನ್ ದ್ವೀಪದಲ್ಲಿ ಬಿಟ್ಟುಹೋಗಿದ್ದ ಕಡಲಪಾಚಿಯ ಬೇಸಾಯ ಮತ್ತೆ ಚಿಗುರಿತು. ಮಾರದೆ ಉಳಿಸಿಕೊಂಡ ಗದ್ದೆಯೇ ಕಷ್ಟಕಾಲದಲ್ಲಿ ಕೈಹಿಡಿಯಿತು. ಕೈಯಲ್ಲಿ ಒಂದೇ ಕಸಬು ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಊರಿಗೆ ಊರೇ ಕದ ಮುಚ್ಚುವ ದಿನ

ಮರುದಿನ ಬೆಳಿಗ್ಗೆ ಹೊಟೇಲಿನ ಮೆಟ್ಟಿಲ ಮೇಲೆ ಮಗ ಏನನ್ನೋ ಕಂಡು ನಿಂತ. ಅಂಗೈ ಅಗಲದ ತೆಂಗಿನ ಗರಿಯ ತಟ್ಟೆ. ಅದರಲ್ಲಿ ಬಿಳಿ, ಕೆಂಪು, ಹಳದಿ ಹೂಗಳು, ಚಿಟಿಕೆ ಅನ್ನ, ಪಕ್ಕದಲ್ಲಿ ಉರಿಯುತ್ತಿರುವ ಊದುಬತ್ತಿ. ಅಂಗಡಿಗಳ ಮುಂದೆ, ಕಾಲುದಾರಿಯ ಮೇಲೆ, ನಿಲ್ಲಿಸಿದ ಬೈಕಿನ ಮೇಲೂ ಅಂಥದೇ ತಟ್ಟೆ. ಚನಾಂಗ್ ಸಾರಿ ಎಂದು ಇದರ ಹೆಸರು. ಬಾಲಿಯ ಜನರಲ್ಲಿ ಹೆಚ್ಚಿನವರು ಹಿಂದೂಗಳು. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ವ್ಯಾಪಾರಕ್ಕೆ ಮುನ್ನ ಈ ನೈವೇದ್ಯ ನಡೆಯಲೇಬೇಕು. "ನಮ್ಮ ಅಜ್ಜಿ ಹೊಸಿಲಿಗೆ ಹೂವಿಡುವ ಹಾಗೆ" ಎಂದರು ಅಮ್ಮ. ಲಕ್ಷಗಟ್ಟಲೆ ಪ್ರವಾಸಿಗಳು ಓಡಾಡುವ ರಸ್ತೆಯಲ್ಲಿ ಈ ಪುಟ್ಟ ತಟ್ಟೆಯನ್ನು ತುಳಿಯದೆ ದಾಟುವುದನ್ನು ಮಗ ಆ ದಿನ ಕಲಿತ.

ಹೊಟೇಲಿನ ಹುಡುಗನ ಎದೆಯ ಬಿಲ್ಲೆಯಲ್ಲಿ 'ವಾಯನ್' ಎಂದಿತ್ತು. ಕಾರಿನವನೂ ವಾಯನ್! ವಿಚಾರಿಸಿದರೆ ತಿಳಿಯಿತು: ಬಾಲಿಯಲ್ಲಿ ಚೊಚ್ಚಲ ಮಗು ಗಂಡಾಗಲಿ ಹೆಣ್ಣಾಗಲಿ ವಾಯನ್, ಎರಡನೆಯದು ಮಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಾಯನ್. ಹಾಗಾದರೆ ಮೇಲೆ ಹೇಳಿದ ಇಬ್ಬರು ಗವರ್ನರರಲ್ಲಿ ಯಾರು ಎಷ್ಟನೆಯವರೆಂದು ಓದುಗ ಮಕ್ಕಳೇ ಹೇಳಬಲ್ಲರು.

ಅದೇ ವಾಯನ್ ಅಪ್ಪನಿಗೆ ಹೇಳಿದ: "ಸಾರ್, ನೀವು ಕೆಲವು ವಾರ ಮೊದಲು ಬಂದಿದ್ದರೆ ಒಂದು ದಿನ ಪೂರ್ತಿ ಹೊಟೇಲಿನಿಂದ ಹೊರಗೆ ಕಾಲಿಡುವಂತಿರಲಿಲ್ಲ."

ಅವನು ಹೇಳಿದ್ದು ನ್ಯೇಪಿಯ ವಿಷಯ. ಬಾಲಿಯವರ ಹೊಸ ವರ್ಷ. ಅವರು ಎಣಿಸುವುದು ಶಕ ವರ್ಷ, ಕ್ರಿ.ಶ. 78ರಿಂದ ಲೆಕ್ಕ. ನಮ್ಮ ಪಂಚಾಂಗದ ಶಾಲಿವಾಹನ ಶಕೆಯೂ ಅದೇ. 2023ರಲ್ಲಿ ನಮ್ಮ ಯುಗಾದಿ, ಅವರ ನ್ಯೇಪಿ ಎರಡೂ ಮಾರ್ಚ್ 22ರಂದೇ ಬಂದವು. ಎರಡೂ ಕಡೆ ಶಕ 1945 ಹುಟ್ಟಿತು. ಅಧಿಕ ಮಾಸದ ಲೆಕ್ಕ ಬೇರೆಯಾದ್ದರಿಂದ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುವುದೂ ಉಂಟು. 2024ರಲ್ಲಿ ನ್ಯೇಪಿ ಮಾರ್ಚ್ 11ಕ್ಕೆ ಬಂದರೆ ಯುಗಾದಿ ಏಪ್ರಿಲ್ 9ಕ್ಕೆ ಬಂತು.

ಲೆಕ್ಕ ಒಂದೇ ಆದರೂ ಆಚರಣೆ ತಿರುಗುಮುರುಗು. ನಾವು ಹೋಳಿಗೆ ಮಾಡಿ ನಾಲ್ಕು ಜನರನ್ನು ಕರೆಯುತ್ತೇವೆ. ಅವರು ಕದ ಮುಚ್ಚುತ್ತಾರೆ. ಹಿಂದಿನ ರಾತ್ರಿ ಓಗೋ ಓಗೋ ಎಂಬ ಭಾರಿ ರಾಕ್ಷಸ ಬೊಂಬೆಗಳನ್ನು ಹೊತ್ತು, ಗದ್ದಲ ಎಬ್ಬಿಸಿ ಮೆರವಣಿಗೆ ಮಾಡುತ್ತಾರೆ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ನಿಶ್ಶಬ್ದ. ಬೆಂಕಿ, ದೀಪ ಹಚ್ಚುವಂತಿಲ್ಲ. ಕೆಲಸ ಮಾಡುವಂತಿಲ್ಲ. ಮನೆಬಿಟ್ಟು ಹೊರಡುವಂತಿಲ್ಲ. ಮೋಜು ಮಾಡುವಂತಿಲ್ಲ. ಪೆಚಲಾಂಗ್ ಎಂಬ ಊರ ಕಾವಲಿನವರು ಬೀದಿ ಕಾಯುತ್ತಾರೆ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ. 2018ರಿಂದ ಮೊಬೈಲಿನ ಇಂಟರ್‌ನೆಟ್ಟನ್ನೂ ಆ ದಿನ ನಿಲ್ಲಿಸುವ ಪದ್ಧತಿ ಬಂದಿದೆ. ಆಸ್ಪತ್ರೆಗೆ, ತುರ್ತು ಕೆಲಸಕ್ಕೆ ಮಾತ್ರ ವಿನಾಯಿತಿ. ಪ್ರವಾಸಿಗಳೂ ಹೊಟೇಲಿನ ಒಳಗೇ ಇರಬೇಕು.

ಕೂಟಾದಂಥ ಊರಿಗೆ ಒಂದು ದಿನದ ವ್ಯಾಪಾರ ಎಂದರೆ ಎಷ್ಟು ಹಣ! "ನಮಗೆ ನಷ್ಟ" ಎಂದು ಹೊಟೇಲುಗಳು ಹಟ ಹಿಡಿದು ದೀಪ ಹಾಕಬಹುದಿತ್ತು. ಹಾಗಾಗಿಲ್ಲ. ಮಸಾಜಿನವರೂ ಇಲ್ಲ, ಮಣಿಸರದವರೂ ಇಲ್ಲ, ಹಾಡಿಲ್ಲ, ಬೈಕಿಲ್ಲ. ಕೂಟಾದ ಉದ್ದನೆಯ ಮರಳಿನ ಮೇಲೆ ಅಲೆಯ ಸದ್ದೊಂದೇ. ರಾತ್ರಿ ದೀಪವಿಲ್ಲದ ಆಕಾಶದಲ್ಲಿ ನಕ್ಷತ್ರಗಳು ಕಿಕ್ಕಿರಿದು ಕಾಣುತ್ತವೆ. ಲಕ್ಷ ಕೊಟ್ಟರೂ ಆ ದಿನ ಒಂದು ಗಾಳಿಪಟ ಸಿಗುವುದಿಲ್ಲ.

ಮಗನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ವರ್ಷದ 364 ದಿನ ಎಲ್ಲವನ್ನೂ ಮಾರುವ ಊರು ಒಂದು ದಿನವನ್ನು ಮಾರದೆ ತನಗೆಂದು ಇಟ್ಟುಕೊಂಡಿದೆ. ಆ ಒಂದು ದಿನದಿಂದಲೇ ಈ ಊರು ಬರೀ ಸಂತೆಯಲ್ಲ, ಇಲ್ಲೊಂದು ಸಂಸಾರ ವಾಸವಾಗಿದೆ ಎಂದು ಗೊತ್ತಾಗುತ್ತದೆ.

ಹೊರಡುವ ಮುನ್ನ

ಮಕ್ಕಳನ್ನು ಕಡಲೂರಿಗೆ ಕರೆದೊಯ್ಯುವ ತಂದೆತಾಯಂದಿರು ಬಾಲಿಗೇ ಹೋಗಬೇಕೆಂದಿಲ್ಲ. ಗೋಕರ್ಣವಿದೆ, ಮಲ್ಪೆಯಿದೆ. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಎಲ್ಲಿಗೇ ಹೋಗಲಿ, ಖರ್ಚಿನ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನು ಮಕ್ಕಳಿಂದ ಬರೆಸಬಹುದು. ಈ ಮರಳು ಎಲ್ಲಿಂದ ಬಂತು? ಕಸ ಎಲ್ಲಿಗೆ ಹೋಗುತ್ತದೆ? ನೀರಿನಲ್ಲಿ ಇಳಿಯಬಾರದ ಜಾಗ ಯಾವುದು? ನಮಗೆ ಊಟ ಬಡಿಸಿದವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಈ ಊರಿನವರಿಗೆ ಮಾರಲು ಮನಸ್ಸಿಲ್ಲದ್ದು ಯಾವುದು? ಹೀಗೆ ಕೇಳುವ ಮಗು ಗಿರಾಕಿಯಾಗಿ ಹೋಗಿ ಅತಿಥಿಯಾಗಿ ಹಿಂದಿರುಗುತ್ತದೆ.

ನಮ್ಮ ಕರಾವಳಿಯ ಊರುಗಳಿಗೂ ಹೊಟೇಲುಗಳು ಬರುತ್ತಿವೆ, ಬರಲಿ. ಬೆಸ್ತರ ಮಕ್ಕಳಿಗೂ ಒಳ್ಳೆಯ ಸಂಬಳ ಬೇಡವೆ? ಆದರೆ ಬೆಲೆಪಟ್ಟಿ ಬರೆಯುವ ಮುನ್ನ, ಪಟ್ಟಿಯಲ್ಲಿ ಸೇರಿಸಬಾರದ್ದು ಯಾವುದೆಂದು ಊರಿನವರು ಕುಳಿತು ನಿರ್ಧರಿಸಿಕೊಂಡರೆ ಒಳ್ಳೆಯದು. ಅದಕ್ಕೆ ತಡವಾಗಿಲ್ಲ.

ವಿಮಾನದಲ್ಲಿ ಅಪ್ಪ ಉಳಿದ ನೋಟುಗಳನ್ನು ಎಣಿಸುತ್ತಿದ್ದರು. ಮಗ ಕಿಟಕಿಗೆ ಮೂಗೊತ್ತಿ ಕೆಳಗೆ ನೋಡುತ್ತಿದ್ದ. ಕಡಲಿಗೆ ಚಾಚಿದ ಓಡುದಾರಿ, ಅದರ ಪಕ್ಕ ಸಣ್ಣ ಗೆರೆಯಂತೆ ಕೂಟಾದ ಮರಳು.

"ಅಪ್ಪಾ, ನಮ್ಮನೆಯಲ್ಲೂ ಒಂದು ದಿನ ಟಿ.ವಿ., ಮೊಬೈಲು ಏನೂ ಇಲ್ಲದ ಹಾಗೆ ಮಾಡೋಣವಾ?" ಎಂದ.

ಅಪ್ಪ ನೋಟುಗಳನ್ನು ಕೆಳಗಿಟ್ಟರು. ಉತ್ತರ ಕೊಡುವುದು ಅವರಿಗೆ ಅಷ್ಟು ಸುಲಭವಾಗಲಿಲ್ಲ!